ಮಂಡಿ ಸವೆತಕ್ಕೆ ಕೊಲಾಜನ್ ಪುಡಿಯೋ, ವ್ಯಾಯಾಮವೋ, ಇಂಜೆಕ್ಷನ್ನೋ?

ಅಮ್ಮನ ಮಂಡಿಗೆ ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೂಳೆ ತುದಿಯ ಮೃದ್ವಸ್ಥಿಯನ್ನು (ಮೂಳೆಗಳು ಉಜ್ಜದಂತೆ ಕಾಯುವ ನುಣುಪಾದ ಪದರ) ಬಿಗಿಯಾಗಿ ಹಿಡಿದಿರುವುದು ಟೈಪ್ 2 ಕೊಲಾಜನ್ ಎಂಬ ಪ್ರೋಟೀನ್ ಎಳೆಗಳು. ಮಂಡಿ ಸವೆಯುವ ಸಂಧಿವಾತದಲ್ಲಿ ಎಂಎಂಪಿ-13 ಎಂಬ ಕಿಣ್ವ ಇವನ್ನು ಕತ್ತರಿಸುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳವೇ ಇಲ್ಲ, ಹಾಗಾಗಿ ಸವೆದದ್ದು ಮತ್ತೆ ತುಂಬುವುದು ಕಷ್ಟ.

ಖರ್ಚು ನೋಡಿದರೆ ಪುಡಿಗೆ ತಿಂಗಳು ತಿಂಗಳೂ ದುಡ್ಡು ಬೇಕು. ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುತ್ತದೆ, ನೇರ ಮಂಡಿಗೆ ಹೋಗಿ ಕೂರುವುದಿಲ್ಲ. ಕೆಲವರಿಗೆ ನೋವು ಸ್ವಲ್ಪ ಇಳಿಯಬಹುದು, ಅಷ್ಟೇ. ಅಮ್ಮ ಸಸ್ಯಾಹಾರಿಯಾದರೆ ಮೊದಲೇ ಹೇಳಿಬಿಡಿ, ಅದು ದನ, ಮೀನು, ಕೋಳಿಯಿಂದ ತೆಗೆದದ್ದು.

ಬೇಗ ಆರಾಮ ಬೇಕೆಂದರೆ ಸ್ಟೀರಾಯ್ಡ್ ಇಂಜೆಕ್ಷನ್. ಮಂಡಿ ಊದಿ ರಾತ್ರಿ ನಿದ್ದೆಯೇ ಇಲ್ಲದಿದ್ದರೆ ವೈದ್ಯರನ್ನು ಕೇಳಿ. ಆದರೆ ಗುಣ ಕೆಲವು ವಾರ ಮಾತ್ರ. ಪದೇ ಪದೇ ಹಾಕಿಸಿದರೆ ಮೃದ್ವಸ್ಥಿ ಇನ್ನೂ ತೆಳುವಾಗಬಹುದು.

ಬಾಳಿಕೆ ವ್ಯಾಯಾಮಕ್ಕೇ ಜಾಸ್ತಿ, ಖರ್ಚೂ ಇಲ್ಲ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸಿ, ನಿಧಾನ ಇಳಿಸಬೇಕು. ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆ. ತೂಕ ಜಾಸ್ತಿ ಇದ್ದರೆ ಅದನ್ನೂ ಇಳಿಸಲಿ: 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು 4 ಕಿಲೋ ತಗ್ಗುತ್ತದೆ. ಫಲ ಕಾಣಲು ಕೆಲವು ವಾರ ಬೇಕು, ತಾಳ್ಮೆ ಇರಬೇಕಲ್ವಾ?

ಬೆಳಿಗ್ಗೆ ಕೈಬೆರಳುಗಳೂ ಊದಿ, ಒಂದು ಗಂಟೆಗಿಂತ ಹೆಚ್ಚು ಬಿಗಿಯಾಗಿದ್ದರೆ ಅದು ಬೇರೆ ಬಗೆಯ ಸಂಧಿವಾತ ಇರಬಹುದು. ಆಗ ಈ ಮೂರನ್ನೂ ಬಿಟ್ಟು ಮೊದಲು ಕೀಲುರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.