ಶನಿವಾರದ ಒಂದು ಗಂಟೆಯೋ, ವಾರಕ್ಕೆ ಎಂಟು ಗಂಟೆಯೋ: ಮಗಳ ಜಿಮ್ನಾಸ್ಟಿಕ್ಸ್ ಲೆಕ್ಕಾಚಾರ

ಮಗಳಿಗೆ ಆಗ ನಾಲ್ಕೂವರೆ. ಜಯನಗರದಲ್ಲಿ ಶನಿವಾರದ ಕ್ಲಾಸ್ ಮುಗಿಸಿ ಅವಳ ಶೂ ಹುಡುಕುತ್ತಿದ್ದಾಗ ಇನ್ನೊಂದು ಮಗುವಿನ ಅಪ್ಪ ಕೇಳಿದರು: "ಇಷ್ಟು ಚೆನ್ನಾಗಿ ಕಾರ್ಟ್‌ವೀಲ್ ಹಾಕ್ತಾಳೆ, ಇನ್ನೂ ಇಲ್ಲೇ ಇಟ್ಕೊಂಡಿದೀರಾ?" ಕಾರ್ಟ್‌ವೀಲ್ ಅಂದರೆ ಕೈ ನೆಲಕ್ಕೂರಿ ಚಕ್ರದ ಹಾಗೆ ಪಕ್ಕಕ್ಕೆ ಹಾಕುವ ಲಾಗ. ಮನೆಗೆ ಬರುವಷ್ಟರಲ್ಲಿ ಆ ಮಾತು ತಲೆಯಲ್ಲಿ ಹುಳ ಬಿಟ್ಟಿತ್ತು. ಆಮೇಲಿನ ಏಳು ತಿಂಗಳಲ್ಲಿ ಮೂರು ಥರ ಮಾಡಿ ನೋಡಿದೆವು.

ಶನಿವಾರದ ಕ್ಲಾಸ್ ಅಂದರೆ ಆಟವೇ. ಕರಡಿ ನಡಿಗೆ, ಲಾಗ, ಟ್ರ್ಯಾಂಪೊಲಿನ್, ಕೊನೆಗೆ ಸ್ಪಂಜಿನ ತುಂಡು ತುಂಬಿದ ಗುಂಡಿಗೆ (ಫೋಮ್ ಪಿಟ್) ಧುಮುಕುವುದು. ಹತ್ತು ಮಕ್ಕಳಿಗೆ ಒಬ್ಬರೇ ಸರ್. ಒಂದು ದಿನ ಗಡಿಯಾರ ಹಿಡಿದು ಕೂತೆ: ಗಂಟೆಯಲ್ಲಿ ಅವಳ ಸರದಿ ಬಂದದ್ದು ಹದಿಮೂರು ಸಲ. ಉಳಿದ ಹೊತ್ತೆಲ್ಲ ಮುಂದಿನ ಮಗುವಿನ ಜಡೆ ಎಳೆಯುವುದರಲ್ಲಿ ಹೋಯಿತು. ಇಷ್ಟಕ್ಕೆ ದುಡ್ಡು ಕೊಡಬೇಕಾ ಅಂತ ಅನ್ನಿಸಿದ್ದು ನಿಜ.

ಹಾಗಾಗಿ ಹೊಸೂರು ರಸ್ತೆ ಆಚೆ ಇರುವ ಒಂದು ಕಡೆ ಆಯ್ದ ಮಕ್ಕಳ ಬ್ಯಾಚಿಗೆ ಸೇರಿಸಿದೆವು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ. ಕಲಿಕೆ ಇತ್ತು, ಸುಳ್ಳು ಹೇಳಬಾರದು. ಆರು ವಾರದಲ್ಲಿ ಗೋಡೆಗೆ ಕಾಲಿಟ್ಟು ಹ್ಯಾಂಡ್‌ಸ್ಟ್ಯಾಂಡ್ ನಿಲ್ಲುವಾಗ ಅವಳ ಬೆನ್ನು ಡೊಂಕಾಗುವುದು ನಿಂತಿತು. ಒಂದೂ ಸರದಿ ವ್ಯರ್ಥವಾಗುತ್ತಿರಲಿಲ್ಲ. ಆದರೆ ಬನಶಂಕರಿಯಿಂದ ಸಂಜೆ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರಬೇಕು. ಮೊಸರನ್ನ ಕಾರಿನಲ್ಲೇ, ನಿದ್ದೆಯೂ ಕಾರಿನಲ್ಲೇ. ಮನೆಗೆ ಬಂದು ಎಬ್ಬಿಸಿದರೆ ರಂಪ. "ಎಲ್‌ಕೆಜಿ ಮಗೂನ ಹೀಗೆ ದಂಡಿಸ್ತಾರೇನೇ?" ಅಂತ ಅತ್ತೆ ದಿನಾ ಕೇಳುತ್ತಿದ್ದರು.

ಎಂಟನೇ ವಾರ ಸ್ಪ್ಲಿಟ್‌ನಲ್ಲಿ, ಅಂದರೆ ಎರಡೂ ಕಾಲು ನೆಲಕ್ಕೆ ಚಾಚಿ, ಕೂತಿದ್ದ ಅವಳ ತೊಡೆಯನ್ನು ಕೋಚ್ ಕೈಯಿಂದ ಕೆಳಕ್ಕೆ ಒತ್ತಿದರು. ಮಗು ಅತ್ತಿತು. "ಅಳಲಿ ಬಿಡಿ ಮೇಡಂ, ಈಗ ಬಗ್ಗದಿದ್ದರೆ ಮುಂದೆ ಬಗ್ಗಲ್ಲ" ಎಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ಮೂಳೆಗೂ ಅನ್ವಯಿಸುವುದನ್ನು ಅವತ್ತೇ ನೋಡಿದ್ದು. ತಾನಾಗಿ ಎಷ್ಟು ಇಳಿಯುತ್ತದೋ ಅಷ್ಟು ಇಳಿಯಲಿ. ಆ ವಯಸ್ಸಿನ ಮಗುವನ್ನು ಒತ್ತಿ ಇಳಿಸುವವರ ಹತ್ತಿರ ನಾನಂತೂ ಬಿಡುವುದಿಲ್ಲ.

ತಡವಾಗುತ್ತದೆ ಅನ್ನುವ ಹೆದರಿಕೆಯೂ ಅಷ್ಟು ಗಟ್ಟಿಯಲ್ಲ. ಮಹಿಳೆಯರ ಸೀನಿಯರ್ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿಯಲು ಆ ವರ್ಷದಲ್ಲಿ 16 ತುಂಬಬೇಕು. ನಮ್ಮ ದೇಶದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಶುರು ಮಾಡಿದ್ದು ಆರರ ಆಸುಪಾಸಿನಲ್ಲಿ; 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿಗೆ ಕೈಯೂರಿ ಹಾರುವ ಸ್ಪರ್ಧೆ) 0.15 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವರಾದಾಗ ಅವರಿಗೆ 23. ನಮ್ಮವಳು ಒಲಿಂಪಿಕ್ಸ್‌ಗೆ ಹೋಗುತ್ತಾಳೆಂದಲ್ಲ, ನಾಲ್ಕೂವರೆಗೆ ರೈಲೇನೂ ಹೊರಟುಹೋಗುವುದಿಲ್ಲ ಅಂತ ಅಷ್ಟೇ. ಮಗುವಿನ ವಯಸ್ಸು ಎಷ್ಟೋ, ವಾರದಲ್ಲಿ ಒಂದೇ ಆಟಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಬೇಡ ಎಂದು ಕ್ರೀಡಾ ಗಾಯಗಳನ್ನು ನೋಡಿಕೊಳ್ಳುವವರು ಹೇಳುವುದುಂಟು. ನಾವು ಅದರ ಹತ್ತಿರ ಹತ್ತಿರ ಎರಡರಷ್ಟು ಮಾಡಿಸುತ್ತಿದ್ದೆವು.

ಎರಡು ತಿಂಗಳಿಗೇ ಬಿಡಿಸಿದೆವು. ಮುಂಗಡ ಕಟ್ಟಿದ ಮೂರನೇ ತಿಂಗಳ ಫೀಸು ವಾಪಸ್ ಬರಲಿಲ್ಲ.

ಮೂರನೆಯದು ಸಿಕ್ಕಿದ್ದು ಹಳೆಯ ಸರ್ ಹತ್ತಿರವೇ. ಮಂಗಳವಾರ, ಗುರುವಾರ ನಾಲ್ಕೇ ಮಕ್ಕಳ ಗುಂಪು, ಜೊತೆಗೆ ಶನಿವಾರದ ಆಟ. ಒಟ್ಟು ಮೂರು ಗಂಟೆ, ನಡೆದು ಹೋಗುವ ದೂರ. ಹ್ಯಾಂಡ್‌ಸ್ಟ್ಯಾಂಡ್ ಆ ಬ್ಯಾಚಿನಷ್ಟು ಬೇಗ ಸುಧಾರಿಸುತ್ತಿಲ್ಲ. ಹಿಡಿದು ತೂಗುವ ಬಾರ್ ಇಲ್ಲಿ ಒಂದೇ ಇದೆ, ಅದೂ ಗಿಡ್ಡ. ಇದು ದೊಡ್ಡ ಕೊರತೆಯೇ. ಇನ್ನು ಎರಡು ವರ್ಷ ಇಲ್ಲೇ ಇದ್ದರೆ ಸಾಲುವುದಿಲ್ಲ.

ಕಾರ್ಟ್‌ವೀಲ್ ಬಂದ ತಕ್ಷಣ ಮೇಲಿನ ಬ್ಯಾಚ್ ಅಂದುಕೊಂಡಿದ್ದೆ. ಈಗ ನೋಡುವುದು ಬೇರೆ. ಜಿಮ್ನಾಸ್ಟ್‌ಗಳು ಮೇಲೆ ನಡೆಯುವ ಬೀಮ್‌ನ ಅಗಲ 10 ಸೆಂಟಿಮೀಟರ್. ಅಷ್ಟೇ ಅಗಲಕ್ಕೆ ಮನೆಯ ಹಾಲ್‌ನ ನೆಲದ ಮೇಲೆ ಎರಡು ಸಾಲು ಟೇಪ್ ಅಂಟಿಸಿದ್ದೇನೆ. ಮೊದಲು ಆ ತುದಿಯಿಂದ ಈ ತುದಿಗೆ ಓಡಿ "ನೋಡಮ್ಮಾ!" ಅನ್ನುತ್ತಿದ್ದಳು. ಹೋದ ತಿಂಗಳಿಂದ ನಡುವೆ ನಿಂತು "ಕಾಲ್ಬೆರಳು ಚೂಪಾಗಿದ್ಯಾ?" ಅಂತ ಕೇಳುತ್ತಾಳೆ. ಇಲ್ಲ ಅಂದರೆ ಮುನಿಸಿಕೊಳ್ಳದೆ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ನನಗೆ ಬೇಕಿದ್ದ ಗುರುತು ಇದು. ಸರ್ ಕೂಡ ಇದನ್ನೇ ಗಮನಿಸಿ, ಯುಕೆಜಿ ಮುಗಿಯಲಿ, ವಾರಕ್ಕೆ ಐದು ಗಂಟೆಯಿಂದ ಶುರುಮಾಡುವ ಜಾಗ ನಾನೇ ಹೇಳುತ್ತೇನೆ ಎಂದಿದ್ದಾರೆ.

ಅಲ್ಲಿಯವರೆಗೆ ಟೇಪಿನ ಮೇಲೆ ತೀರ್ಪುಗಾರರು ಅತ್ತೆ. ಹತ್ತಕ್ಕೆ ಹನ್ನೊಂದು ಕೊಡುತ್ತಾರೆ.