ಕೆಂಪಾಗದ ಮೀನನ್ನು ಕೆಂಪೆಂದು ಮಾರದ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಓಣಿಯೊಂದರಲ್ಲಿರುವ ಚಿಕ್ಕ ಅಕ್ವೇರಿಯಂ ಅಂಗಡಿಯಿಂದ ಕಳೆದ ದೀಪಾವಳಿಯ ನಂತರ ನಾನು ಆರು ರೋಸಿ ಬಾರ್ಬ್ ಮೀನುಗಳನ್ನು ತಂದೆ. ಹೆಸರು ಗುಲಾಬಿಯದಾದರೂ ಅಲ್ಲಿನ ತೊಟ್ಟಿಯಲ್ಲಿ ಅವು ಮಾಸಲು ಬೆಳ್ಳಿಯ ಬಣ್ಣದಲ್ಲಿದ್ದವು. ಬಾಲದ ಸಮೀಪ ಒಂದೊಂದು ಕಪ್ಪು ಚುಕ್ಕೆ ಮಾತ್ರ ಎದ್ದು ಕಾಣುತ್ತಿತ್ತು. ನಾನು ಹಿಂದೆಮುಂದೆ ನೋಡುತ್ತಿದ್ದುದನ್ನು ಗಮನಿಸಿದ ಮಾಲೀಕರು, "ಈಗ ಕೆಂಪು ಕಾಣಂಗಿಲ್ರಿ. ನಿಮ್ಮನಿ ನೀರಿಗಿ ಹೊಂದಿಕೊಂಡ ಮ್ಯಾಲ ಗಂಡು ಬಣ್ಣ ಬಿಡ್ತದ, ಹೆಣ್ಣು ಹಿಂಗೇ ಇರ್ತದ" ಎಂದರು. ಬಣ್ಣದ ಬಲ್ಬು ಹಾಕಿ ಮೀನು ಮಾರುವುದನ್ನು ಕಂಡಿದ್ದ ನನಗೆ ಈ ಮಾತು ಬಹಳ ಹಿಡಿಸಿತು. ಐದನೆಯ ವಾರದಲ್ಲಿ ಎರಡು ಗಂಡುಗಳ ಮೈ ಕೆಂಪೇರಿತು.

ಇವು ಮೂಲತಃ ಉತ್ತರ ಭಾರತದ ಹೊಳೆ, ಕೆರೆಗಳ ಮೀನುಗಳು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಇಲ್ಲಿನ ಬೆಳೆ, ಕಸುಬುಗಳ ವಿವರ ಬರೆದಿಟ್ಟ ಬುಕನನ್ ಅವರೇ, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, 1822ರ ತಮ್ಮ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದರು. ತಂಪು ನೀರು ಇದಕ್ಕೆ ಹಿತ. 18ರಿಂದ 22 ಡಿಗ್ರಿ ಇದ್ದರೆ ಲವಲವಿಕೆಯಿಂದಿರುತ್ತದೆ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ, ಮತ್ತು ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ, ತೊಟ್ಟಿಯನ್ನು ಪಡುವಣ ಗೋಡೆಗೆ ಇಡಬಾರದೆಂದೂ ಕರೆಂಟು ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಇರಲೆಂದೂ ಮಾಲೀಕರು ಮೊದಲೇ ತಿಳಿಸಿದ್ದರು. ಹಾಗೆಯೇ ಮಾಡಿದೆ. ಆದರೂ ಮೇ ತಿಂಗಳಲ್ಲಿ ಒಂದು ಹೆಣ್ಣು ಮೀನು ಸತ್ತದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅಂಗಡಿಯಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ನಿಧಾನವಾಗಿ ಈಜುವ ಏಂಜೆಲ್ ಮೀನುಗಳನ್ನೂ ಬಾರ್ಬ್‌ಗಳನ್ನೂ ಒಂದೇ ತೊಟ್ಟಿಯಲ್ಲಿ ಬಿಟ್ಟಿದ್ದಾರೆ. ಉದ್ದ ರೆಕ್ಕೆ ಕಂಡರೆ ಕಚ್ಚುವ ಚಾಳಿ ಬಾರ್ಬ್‌ಗಳಿಗಿರುವುದರಿಂದ ಏಂಜೆಲ್‌ಗಳ ರೆಕ್ಕೆಗಳು ಹರಿದಿದ್ದವು.

ಫೆಬ್ರುವರಿಯಲ್ಲಿ ಮೊಟ್ಟೆಯ ಸೂಚನೆ ಕಂಡು ಓಡಿಹೋದಾಗ, ಹೆತ್ತವೇ ಮೊಟ್ಟೆ ತಿಂದುಬಿಡುತ್ತವೆಂದು ಎಚ್ಚರಿಸಿ, ತಳದಲ್ಲಿ ಹರಡಲು ಒಂದು ಚೀಲ ಗಾಜಿನ ಗೋಲಿಗಳನ್ನು ದುಡ್ಡು ಪಡೆಯದೆ ಕೊಟ್ಟರು. ಗೋಲಿಗಳ ಸಂದಿಗೆ ಜಾರಿದ ಮೊಟ್ಟೆಗಳಷ್ಟೇ ಉಳಿದವು. ಎರಡನೆಯ ದಿನ ಗಾಜಿಗೆ ಅಂಟಿಕೊಂಡಿದ್ದ, ಕಣ್ಣಷ್ಟೇ ಕಾಣುವ ಮರಿಗಳನ್ನು ನಾನೂ ಮಗಳೂ ಎಣಿಸಲು ಕುಳಿತೆವು.