ಗೋಡೆ ಒಡೆದು ನೋಡುವ ಮೊದಲು ಮನೆ ಸಾಲಕ್ಕೆ ದುಡ್ಡು ಕಟ್ಟಬೇಡಿ

ಮನೆ ಸಾಲ ಬೇಗ ತೀರಿಸಬೇಕು, ಅದೇ ಹೊತ್ತಿಗೆ ಹಳೇ ಮನೆಯ ರಿಪೇರಿಯೂ ಆಗಬೇಕು ಎಂದು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡಕ್ಕೂ ಸಾಕಾಗುವಷ್ಟು ದುಡ್ಡು ಕೈಯಲ್ಲಿದ್ದರೂ ನಮ್ಮ ಮನೆಯ ನೆಮ್ಮದಿ ಹಾಳಾಯಿತು. ಅದಕ್ಕೆ ಕಾರಣ ಇಬ್ಬರು. ಒಬ್ಬ, ಅರ್ಧ ಹಾಳೆಯಲ್ಲಿ ಕೊಟೇಶನ್ ಬರೆದುಕೊಟ್ಟ ಕಾಂಟ್ರಾಕ್ಟರ್. ಇನ್ನೊಂದು ಕಡೆ, ಎಲ್ಲವನ್ನೂ ಬಾಯಿಮಾತಿನಲ್ಲೇ ಮುಗಿಸಿದ ಬ್ಯಾಂಕ್ ಶಾಖೆ. ಹೆಸರು ಬೇಡ. ಇಂಥವರು ಎಲ್ಲ ಊರಲ್ಲೂ ಇದ್ದಾರೆ, ಅವರು ಕೆಲಸ ಮಾಡುವ ರೀತಿ ಗೊತ್ತಾದರೆ ಸಾಕು.

ನಮ್ಮದು ಮೈಸೂರಿನಲ್ಲಿ 30-40 ಸೈಟಿನ ಹಳೇ ಮನೆ. 2019ರ ಕೊನೆಯಲ್ಲಿ ಸಾಲ ಮಾಡಿ ಕೊಂಡಿದ್ದು. ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರಕ್ಕೆ, ಜೋಡಿಸಿದ ಸಾಲ. ಅದು ಏರಿದರೆ ನಮ್ಮ ಬಡ್ಡಿಯೂ ಏರುತ್ತದೆ. 2022ರ ಮೇ ತಿಂಗಳ ಶುರುವಿನಲ್ಲಿ ರೆಪೋ ಶೇ 4 ಇತ್ತು, 2023ರ ಫೆಬ್ರವರಿ ಹೊತ್ತಿಗೆ ಶೇ 6.5 ಆಯಿತು. ನಮ್ಮ ಇಎಂಐ ಮಾತ್ರ ಒಂದು ರೂಪಾಯಿ ಏರಲಿಲ್ಲ. ಅದರ ಬದಲು ಸಾಲದ ಅವಧಿ ಸದ್ದಿಲ್ಲದೆ ಉದ್ದವಾಗಿತ್ತು. ಅದನ್ನು ಕಂಡ ದಿನದಿಂದ ನಮ್ಮ ಯಜಮಾನರಿಗೆ ಒಂದೇ ಹಠ, ಹೇಗಾದರೂ ಸಾಲ ಇಳಿಸಬೇಕು. ಊರಿನ ಸೈಟು ಮಾರಿದಾಗ ಹತ್ತೂವರೆ ಲಕ್ಷ ಬಂತು. ಅತ್ತೆಯವರಿಗೆ ಮಂಡಿ ನೋವು, ಹಳೇ ಬಾತ್‌ರೂಮಿನಲ್ಲಿ ಕೂತು ಏಳಲು ಆಗುತ್ತಿರಲಿಲ್ಲ. ತಾರಸಿಯೂ ಸೋರುತ್ತಿತ್ತು. ರಿಪೇರಿಗೆ ಕಾಂಟ್ರಾಕ್ಟರ್ ನಾಲ್ಕೂವರೆ ಲಕ್ಷ ಎಂದರು. ಉಳಿದ ಆರು ಲಕ್ಷ ಸಾಲಕ್ಕೆ. ಲೆಕ್ಕ ಸರಿಯಾಗಿಯೇ ಇತ್ತು, ಅಲ್ವಾ? ಮನೆಯ ಹಿರಿಯರೂ ಅದನ್ನೇ ಹೇಳಿದರು, ಸಾಲ ಮೊದಲು ತೀರಲಿ, ಕೈಯಲ್ಲಿದ್ದರೆ ಖರ್ಚಾಗುತ್ತೆ ಅಂತ. 2025ರ ಬೇಸಿಗೆಗೆ ಮೊದಲೇ ಚೆಕ್ ಕೊಟ್ಟೆವು.

ಬ್ಯಾಂಕಿನಲ್ಲಿ ಆದದ್ದನ್ನು ಮೊದಲು ಹೇಳುತ್ತೇನೆ. ಅವಧಿ ಕಡಿಮೆ ಮಾಡಿ, ಇಎಂಐ ಹಾಗೇ ಇರಲಿ ಎಂದು ನಾವು ಕೌಂಟರಿನಲ್ಲಿ ಹೇಳಿದ್ದೆವು. ಅರ್ಜಿ ಬೇಕಾ ಎಂದು ಕೇಳಿದ್ದಕ್ಕೆ, ಬೇಡ ಮೇಡಂ, ಎಲ್ಲಾ ಸಿಸ್ಟಂನಲ್ಲಿ ಆಗುತ್ತೆ ಎಂದರು. ಮುಂದಿನ ತಿಂಗಳು ನೋಡಿದರೆ ಇಎಂಐ ಇಳಿದಿತ್ತು, ಅವಧಿ ಇದ್ದಷ್ಟೇ ಇತ್ತು. ಕೇಳಿದರೆ, ತಿಂಗಳಿಗೆ ಕಡಿಮೆ ಕಟ್ಟೋದು ಒಳ್ಳೇದೇ ಅಲ್ವಾ ಮೇಡಂ ಎಂಬ ಉತ್ತರ!

ಒಳ್ಳೇದಾ? ಲೆಕ್ಕ ಹಾಕೋಣ. ಬಡ್ಡಿಯ ಏರಿಳಿತ ಬಿಟ್ಟು, ಸುಲಭವಾಗಲಿ ಎಂದು ಶೇ 8.5 ಒಂದೇ ಹಿಡಿಯುತ್ತೇನೆ. 40 ಲಕ್ಷ ಸಾಲ, 20 ವರ್ಷ. ಇಎಂಐ ಸುಮಾರು 34,700 ರೂಪಾಯಿ. ಮೊದಲ ಕಂತಿನಲ್ಲಿ 28,300 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 6,400 ಅಷ್ಟೇ. ಐದು ವರ್ಷ ಕಟ್ಟಿದರೆ ಒಟ್ಟು 20.8 ಲಕ್ಷ ಕೊಟ್ಟಿರುತ್ತೀರಿ, ಆದರೂ 35.25 ಲಕ್ಷ ಅಸಲು ಬಾಕಿ ಇರುತ್ತದೆ. ಆಗ ಆರು ಲಕ್ಷ ಒಟ್ಟಿಗೆ ಕಟ್ಟಿ ಇಎಂಐ ಹಾಗೇ ಉಳಿಸಿಕೊಂಡರೆ ಸಾಲ ಇದ್ದ ಅವಧಿಗಿಂತ ನಾಲ್ಕು ವರ್ಷಕ್ಕೂ ಹೆಚ್ಚು ಮುಂಚೆಯೇ ತೀರುತ್ತದೆ, ಬಡ್ಡಿಯಲ್ಲಿ ಸುಮಾರು 11.8 ಲಕ್ಷ ಉಳಿಯುತ್ತದೆ. ಅದೇ ಆರು ಲಕ್ಷಕ್ಕೆ ಇಎಂಐ ಇಳಿಸಿದರೆ ತಿಂಗಳಿಗೆ 5,900 ಕಡಿಮೆ, ಒಟ್ಟು ಬಡ್ಡಿ ಉಳಿತಾಯ 4.6 ಲಕ್ಷ ಮಾತ್ರ. ಆ 5,900 ಕೈಯಲ್ಲೇ ಇರುತ್ತದೆ ನಿಜ. ಆದರೆ ಮಕ್ಕಳ ಫೀಸು, ದಿನಸಿ, ಪೆಟ್ರೋಲಿನ ನಡುವೆ ಅದು ಎಲ್ಲಿ ಉಳಿಯುತ್ತದೆ? ಸಾಲ ಬೇಗ ಮುಗಿಯಲಿ ಎಂದು ಸೈಟು ಮಾರಿದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇದು ನಿಮ್ಮ ಹಕ್ಕು. ದರ ಏರಿದಾಗ ಇಎಂಐ ಹೆಚ್ಚಿಸಬೇಕೋ, ಅವಧಿ ಉದ್ದ ಮಾಡಬೇಕೋ, ಅಥವಾ ಎರಡೂ ಸ್ವಲ್ಪ ಸ್ವಲ್ಪವೋ ಎಂದು ಆರಿಸಿಕೊಳ್ಳುವ ಅವಕಾಶ ಸಾಲಗಾರರಿಗೆ ಇರಬೇಕು ಎಂದು ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಯಾವಾಗ ಬೇಕಾದರೂ ಪೂರ್ತಿ ಅಥವಾ ಸ್ವಲ್ಪ ಭಾಗ ಮುಂಗಡವಾಗಿ ಕಟ್ಟಬಹುದು ಎಂದೂ ಅದರಲ್ಲಿದೆ. ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ನಿಮ್ಮ ಸ್ವಂತ ಹೆಸರಿನಲ್ಲಿ ತೆಗೆದುಕೊಂಡಿದ್ದರೆ ಬೇಗ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ, ಈ ನಿಯಮ 2012ರಿಂದಲೇ ಇದೆ.

ಈಗ ಗೋಡೆಯ ಕಥೆ.

ಕೊಟೇಶನ್ ಎಂದರೆ ನೋಟ್‌ಬುಕ್ಕಿನ ಅರ್ಧ ಹಾಳೆ. ಬಾತ್‌ರೂಮ್ ಇಷ್ಟು, ತಾರಸಿ ಇಷ್ಟು, ಅಡುಗೆಮನೆ ಗ್ರಾನೈಟ್ ಇಷ್ಟು, ಪೇಂಟ್ ಇಷ್ಟು. ಯಾವ ಕಂಪನಿ ಪೈಪು, ಎಷ್ಟು ಸ್ಕ್ವೇರ್ ಫೀಟ್, ಒಡೆದ ಮಣ್ಣು ಸಾಗಿಸುವವರು ಯಾರು, ಒಂದೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ದುಡ್ಡು ಮೊದಲೇ ಬೇಕೆಂದರು, ಸಿಮೆಂಟ್ ಟೈಲ್ಸ್ ಒಟ್ಟಿಗೆ ತಂದರೆ ಕಡಿಮೆಗೆ ಸಿಗುತ್ತೆ ಅಂತ. ಬಿಲ್ ಕೇಳಿದ್ದಕ್ಕೆ, ಬಿಲ್ ಬೇಕಾದರೆ ಶೇ 18 ಜಿಎಸ್‌ಟಿ ಮೇಲೆ ಕೊಡಬೇಕಾಗುತ್ತೆ ಸಾರ್, ಸುಮ್ನೆ ಯಾಕೆ ಎಂದರು.

ಕೆಲಸ ಶುರುವಾದ ವಾರವೇ ಬಾತ್‌ರೂಮು, ತಾರಸಿ, ಅಡುಗೆಮನೆ ಮೂರನ್ನೂ ಒಟ್ಟಿಗೆ ಒಡೆದು ಹಾಕಿದರು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮೂರೂ ಕಡೆ ಒಡೆದ ಮೇಲೆ ಮನೆಯವರು ಬೇರೆ ಯಾರನ್ನೂ ಕರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಟೈಲ್ಸ್ ಕಿತ್ತಾಗ ಹಿಂದಿನ ಗಾರೆ ಕೈಯಲ್ಲಿ ಹಿಡಿದರೆ ಹಸಿ ಮಣ್ಣಿನ ಹಾಗೆ ಉದುರಿತು. ಒಳಗಿದ್ದ ಹಳೇ ಜಿಐ ಪೈಪು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. ಒಂದು ಕಡೆ ಮೇಸ್ತ್ರಿ ಬೆರಳಲ್ಲಿ ಒತ್ತಿದರೆ ತೂತಾಯಿತು. ನೀರು ಎಷ್ಟೋ ವರ್ಷದಿಂದ ಗೋಡೆಯೊಳಗೇ ಇಳಿಯುತ್ತಿತ್ತು. ಹಾಲ್‌ನ ಕಡೆಯ ಪೇಂಟ್ ಉಬ್ಬುತ್ತಿದ್ದದ್ದು ಯಾಕೆ ಎಂದು ಆಗ ಗೊತ್ತಾಯಿತು. ತಾರಸಿಯ ಮೇಲಿನ ಗಾರೆ ತೆಗೆದರೆ ಮೋಲ್ಡಿನ ಕಂಬಿ ಕಾಣುತ್ತಿತ್ತು, ಊದಿಕೊಂಡು ಕಾಂಕ್ರೀಟನ್ನು ಸೀಳಿತ್ತು. ಸ್ವಿಚ್‌ಬೋರ್ಡಿನ ಹಿಂದಿನ ವೈರು ಹಳೆಯದಾಗಿ ಮೇಲಿನ ಕವಚ ಪುಡಿಯಾಗುತ್ತಿತ್ತು.

ಇದ್ಯಾವುದೂ ಕೊಟೇಶನ್‌ನಲ್ಲಿ ಇಲ್ಲ ಮೇಡಂ ಎಂದರು. ಇಲ್ಲ ಎಂಬುದು ನಿಜವೇ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರಿಗೆ ಹಳೇ ಮನೆಯ ಗೋಡೆಯಲ್ಲಿ ಏನಿರುತ್ತದೆ ಎಂದು ಗೊತ್ತಿರುವುದಿಲ್ಲವೇ? ಒಂದು ಟೈಲ್ ಕಿತ್ತು, ಒಂದು ಮೂಲೆ ಕೆರೆದು ನೋಡಿ ಹೇಳಬಹುದಿತ್ತು. ಹೇಳಿದ್ದರೆ ಮೊತ್ತ ಜಾಸ್ತಿಯಾಗುತ್ತಿತ್ತು, ಕೆಲಸ ಅವರಿಗೆ ಸಿಗುತ್ತಿರಲಿಲ್ಲ. ನಾಲ್ಕೂವರೆ ಇದ್ದದ್ದು ಎಂಟೂವರೆಯಾಯಿತು. ಎಕ್ಸ್‌ಟ್ರಾ ದುಡ್ಡಿಗೆ ಸ್ವಲ್ಪ ಸಮಯ ಕೊಡಿ ಎಂದಾಗ ಆಳುಗಳು ಬರುವುದು ನಿಂತಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಜೂನ್ ಮಳೆ ಬಂದಾಗ ನಮ್ಮ ತಾರಸಿಯ ಮೇಲೆ ಇದ್ದದ್ದು ನೀಲಿ ಟಾರ್ಪಾಲು. ಅತ್ತೆಯವರನ್ನು ನಾದಿನಿ ಮನೆಗೆ ಕಳಿಸಿದೆವು.

ನಾಲ್ಕು ಲಕ್ಷ ಬೇಕಿತ್ತು. ಆರು ಲಕ್ಷ ನಮ್ಮದೇ ದುಡ್ಡು ಬ್ಯಾಂಕಿನಲ್ಲಿತ್ತು, ಆದರೆ ಅದು ಇನ್ನು ನಮ್ಮದಲ್ಲ. ಸಾಲಕ್ಕೆ ಕಟ್ಟಿದ ಹಣ ಬೇಕೆಂದಾಗ ವಾಪಸ್ ಬರುವುದಿಲ್ಲ. ಹೊಸ ಸಾಲವಾಗಿ, ಹೊಸ ಬಡ್ಡಿಗೆ, ಹೊಸ ಫೀಸಿನೊಂದಿಗೆ ಬರುತ್ತದೆ. ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ಅದೇ ಶಾಖೆಯವರು ಟಾಪ್ ಅಪ್ ಲೋನ್, ಅಂದರೆ ಇರುವ ಮನೆ ಸಾಲದ ಮೇಲೆ ಇನ್ನೊಂದು ಸಾಲ ಕೊಟ್ಟರು. ಮನೆ ಸಾಲಕ್ಕಿಂತ ಒಂದು ಪರ್ಸೆಂಟ್ ಜಾಸ್ತಿ. ಶೇ 9.5ರಂತೆ ನಾಲ್ಕು ಲಕ್ಷಕ್ಕೆ 10 ವರ್ಷದಲ್ಲಿ ಬಡ್ಡಿಯೇ 2.2 ಲಕ್ಷ ಆಗುತ್ತದೆ. ಅದರ ಮೇಲೆ ಪ್ರೊಸೆಸಿಂಗ್ ಫೀ. ಜೊತೆಗೆ ಒಂದು ಇನ್ಶೂರೆನ್ಸ್ ಪಾಲಿಸಿ, ಕಂಪಲ್ಸರಿ ಎಂದರು, ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿಬಿಟ್ಟಿದ್ದರು. ಪ್ರೀಮಿಯಂಗೂ ಹತ್ತು ವರ್ಷ ಬಡ್ಡಿ!

ಕಂಪಲ್ಸರಿ ಅಲ್ಲ. ಸಾಲಕ್ಕೆ ಜೀವ ವಿಮೆ ಬೇಕೇಬೇಕು ಎಂಬ ಕಾನೂನು ಎಲ್ಲೂ ಇಲ್ಲ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ಬರೆದು ವಾಪಸ್ ಕೊಡಬಹುದು, ಅದಕ್ಕೆ ಫ್ರೀ ಲುಕ್ ಅವಧಿ ಎನ್ನುತ್ತಾರೆ. ನಾವು ಹಾಗೇ ವಾಪಸ್ ಮಾಡಿದೆವು. ಇನ್ನೊಂದು, 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಬ್ಯಾಂಕುಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು. ಬಡ್ಡಿ, ಫೀಸು, ವಿಮೆ ಎಲ್ಲಾ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಎಂದು ಅದರಲ್ಲಿ ಇರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದೂ ನಿಯಮ ಹೇಳುತ್ತದೆ. ಕನ್ನಡದಲ್ಲೇ ಕೇಳಿ. ಸಹಿ ಹಾಕುವ ಮೊದಲು ಕೇಳಿ.

ಟಾಪ್ ಅಪ್ ಬಡ್ಡಿಗೂ ಟ್ಯಾಕ್ಸ್ ಉಳಿಯುತ್ತೆ ಎಂದೂ ಹೇಳಿದ್ದರು. ಅದು ಅರ್ಧ ಸತ್ಯ. ನಾವೇ ವಾಸವಿರುವ ಮನೆಯ ರಿಪೇರಿ ಸಾಲವಾದರೆ ಬಡ್ಡಿಯಲ್ಲಿ ವರ್ಷಕ್ಕೆ 30,000ದವರೆಗೆ ಮಾತ್ರ ಕಳೆಯಬಹುದು, ಅದೂ ಒಟ್ಟು 2 ಲಕ್ಷದ ಮಿತಿಯೊಳಗೇ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಏನೂ ಇಲ್ಲ. ರಿಪೇರಿ ಸಾಲದ ಅಸಲಿಗೆ ತೆರಿಗೆ ಕಡಿತವೂ ಸಿಗುವುದಿಲ್ಲ. ದುಡ್ಡು ಮನೆಗೇ ಹಾಕಿದ್ದು ಎಂದು ತೋರಿಸಲು ಬಿಲ್ ಬೇಕು. ಕಾಂಟ್ರಾಕ್ಟರ್ ಬಿಲ್ ಬೇಡ ಎಂದದ್ದು ಇಲ್ಲಿ ಮತ್ತೆ ಬಂದು ಕಾಲಿಗೆ ಸುತ್ತಿಕೊಂಡಿತು.

ಹಾಗಂತ ಸಾಲ ಬೇಗ ತೀರಿಸಬೇಡಿ ಎನ್ನುತ್ತಿಲ್ಲ. ಖಂಡಿತ ತೀರಿಸಿ. ಆದರೆ ಕೆಲಸ ಮುಗಿಯುವವರೆಗೆ ಕಾದರೆ ನಷ್ಟ ಎಷ್ಟು ನೋಡಿ. ಆರು ಲಕ್ಷಕ್ಕೆ ಶೇ 8.5ರಂತೆ ತಿಂಗಳಿಗೆ ಬಡ್ಡಿ 4,250. ಅದೇ ದುಡ್ಡು ಶೇ 6ರ ಎಫ್‌ಡಿಯಲ್ಲಿದ್ದರೆ 3,000 ಬರುತ್ತದೆ. ಟ್ಯಾಕ್ಸ್ ಬಿಟ್ಟರೆ ತಿಂಗಳಿಗೆ ಒಂದೂಕಾಲು ಸಾವಿರದ ಮಾತು. ಆರು ತಿಂಗಳು ಕಾದರೂ ಏಳೂವರೆ ಸಾವಿರ. ಟಾಪ್ ಅಪ್ ಫೀಸು, ವಿಮೆ, ಹೆಚ್ಚುವರಿ ಬಡ್ಡಿಯ ಮುಂದೆ ಅದು ಏನೂ ಅಲ್ಲ. ದಂಡವೇ ಇಲ್ಲ ಎಂದ ಮೇಲೆ ಒಟ್ಟಿಗೆ ಕಟ್ಟುವ ಅವಸರವೂ ಇಲ್ಲ, ಉಳಿದಷ್ಟನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದು. ಎಸ್‌ಬಿಐನ ಮ್ಯಾಕ್ಸ್‌ಗೇನ್ ಥರದ ಓವರ್‌ಡ್ರಾಫ್ಟ್ ಸಾಲವೂ ಇದೆ. ಅದರಲ್ಲಿ ಇಟ್ಟ ಹೆಚ್ಚುವರಿ ಹಣಕ್ಕೆ ಅಷ್ಟು ದಿನದ ಬಡ್ಡಿ ಉಳಿಯುತ್ತದೆ, ಬೇಕಾದಾಗ ತೆಗೆಯಲೂಬಹುದು. ಇನ್ನೂ ಸಾಲ ತೆಗೆದುಕೊಳ್ಳದವರು, ಮುಂದೆ ರಿಪೇರಿ ಇರುವ ಹಳೇ ಮನೆ ಕೊಳ್ಳುವವರು, ಇದನ್ನು ಮೊದಲೇ ವಿಚಾರಿಸಿ.

ರಿಪೇರಿಯಲ್ಲೂ ಎಲ್ಲವೂ ಒಂದೇ ಅಲ್ಲ. ನೀರು, ಕರೆಂಟು, ತಾರಸಿ ಕಾಯುವುದಿಲ್ಲ, ಬಿಟ್ಟಷ್ಟೂ ಖರ್ಚು ಬೆಳೆಯುತ್ತದೆ. ಅವಕ್ಕೆ ಸಾಲದ ಕಂತಿಗಿಂತ ಮೊದಲು ದುಡ್ಡು ತೆಗೆದಿಡಿ. ಫಾಲ್ಸ್ ಸೀಲಿಂಗು, ಮಾಡ್ಯುಲರ್ ಕಿಚನ್, ಹೊಸ ಗೇಟು, ಇವೆಲ್ಲ ಸಾಲ ಇಳಿದ ಮೇಲೆ ನೋಡಿಕೊಳ್ಳಬಹುದು. ಕೊಟೇಶನ್ ಕೇಳುವ ಮೊದಲು ಒಬ್ಬ ಪ್ಲಂಬರನ್ನೂ ಎಲೆಕ್ಟ್ರಿಷಿಯನ್ನನ್ನೂ ಕರೆದು ಕೂಲಿ ಕೊಟ್ಟು ಒಂದೆರಡು ಕಡೆ ಒಡೆಸಿ ನೋಡಿ. ಒಂದು ಜಾಗ ಮುಗಿಯದೆ ಇನ್ನೊಂದು ಜಾಗ ಒಡೆಯಲು ಬಿಡಬೇಡಿ. ಕೆಲಸ ಆದಷ್ಟಕ್ಕೆ ದುಡ್ಡು, ಅದೂ ಬ್ಯಾಂಕ್ ಮೂಲಕ. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕುವ ಮೊದಲು ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ಕೆಳಗೆ ಒದ್ದೆಯಾಗುತ್ತದಾ ನೋಡಿ. ಕೊನೆಯ ಶೇ 10 ಒಂದು ಮಳೆಗಾಲ ಕಳೆದ ಮೇಲೆ ಎಂದು ಕರಾರಿನಲ್ಲೇ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಹಳೇ ರೇಟಿನಲ್ಲೇ ಲೆಕ್ಕ ಕೊಟ್ಟರೆ ಕೇಳಿ.

ಕಾಂಟ್ರಾಕ್ಟರ್ ಕೈಕೊಟ್ಟರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ನಾವು ಕೊಟ್ಟಿದ್ದೇವೆ, ವಿಚಾರಣೆ ನಡೆಯುತ್ತಿದೆ. ವಾಟ್ಸಾಪ್ ಮೆಸೇಜು, ಯುಪಿಐ ದಾಖಲೆ, ಒಡೆದ ಗೋಡೆಯ ಫೋಟೋ ಏನನ್ನೂ ಅಳಿಸಬೇಡಿ. ಬ್ಯಾಂಕಿನ ವಿಷಯಕ್ಕೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕ್ ದೂರುಗಳನ್ನು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಲಿಖಿತ ದೂರು ಹೋದ ಮೇಲೆ ಇಎಂಐ ಮೊದಲಿನಷ್ಟೇ ಮಾಡಿ ಅವಧಿ ಇಳಿಸಿಕೊಟ್ಟರು.

ಮುಂಗಡ ಕಟ್ಟುವಾಗ ಚೆಕ್ ಜೊತೆ ಕೊಡಬೇಕಾದ ಪತ್ರದ ಒಕ್ಕಣೆ ಇಲ್ಲಿದೆ, ಹೀಗೇ ಬರೆದುಕೊಳ್ಳಿ: "ಈ ಮೊತ್ತವನ್ನು ಇಂದಿನ ದಿನಾಂಕದಿಂದಲೇ ನನ್ನ ಸಾಲದ ಅಸಲಿಗೆ ಜಮಾ ಮಾಡಬೇಕು. ಇಎಂಐ ಈಗಿರುವಷ್ಟೇ ಇರಲಿ, ಸಾಲದ ಅವಧಿ ಕಡಿಮೆ ಮಾಡಬೇಕು. ಪರಿಷ್ಕೃತ ಕಂತಿನ ಪಟ್ಟಿಯನ್ನು ನನಗೆ ಕೊಡಬೇಕು." ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಸೀಲು, ದಿನಾಂಕ ಮತ್ತು ಸಹಿ ಹಾಕಿಸಿಕೊಂಡೇ ಕೌಂಟರಿನಿಂದ ಏಳಿ.